ಮಧ್ಯಾಹ್ನದ ಕರೆಂಟಿಗೆ ಗಿರಾಕಿಯಿಲ್ಲ

ಗಜೇಂದ್ರಗಡ
೧೨ ಏಪ್ರಿಲ್ ೨೦೨೬

ಪ್ರೀತಿಯ ಲಕ್ಷ್ಮಕ್ಕನಿಗೆ ಶಹನಾಜಳ ಸಲಾಂ.

ನರಗುಂದದಿಂದ ನೀನು ಬರೆದ ಕಾಗದ ಬಂದು ಒಂದೂವರೆ ತಿಂಗಳಾಯಿತು. ತಡಮಾಡಿದ್ದಕ್ಕೆ ಸಿಟ್ಟಾಗಬೇಡ. ಫೋನು ಮಾಡೋಣವೆಂದು ಎಷ್ಟೋ ಸಲ ಕೈಗೆತ್ತಿಕೊಂಡೆ, ಮತ್ತೆ ಇಟ್ಟೆ. ಹೊಲಿಗೆ ಕ್ಲಾಸು ಶುರುವಾಯಿತೇ? ಮಗಳು ಮೇಘಾ ಈಗಲೂ ಊಟಕ್ಕೆ ಕುಳಿತು ಪುಸ್ತಕ ಓದುತ್ತಾಳೇನು?

ಸೋಲಾರ್ ಪ್ಲಾಂಟು ಹೇಗೆ ನಡೆದಿದೆ ಎಂದು ಕೇಳಿದ್ದೀಯ. ನಿನ್ನನ್ನು ಕೆಲಸದಿಂದ ತೆಗೆದ ಮೇಲೆ ಕಂಟ್ರೋಲ್ ರೂಮಿನಲ್ಲಿ ಹಗಲೆಲ್ಲ ನಾನೊಬ್ಬಳೇ. ನೀನಿದ್ದಾಗ ಅಪರೂಪಕ್ಕೆ ಬರುತ್ತಿದ್ದ ಗ್ರಿಡ್‌ನವರ ಫೋನು ಈಗ ದಿನಾ ಹನ್ನೊಂದಕ್ಕೆ ಬರುತ್ತದೆ: "ಅರ್ಧ ಇಳಸ್ರಿ." ಹೊರಗೆ ತಲೆ ಸಿಡಿಯುವ ಬಿಸಿಲು, ಒಳಗೆ ನಾನು ಒಂದೊಂದೇ ಇನ್ವರ್ಟರ್ ಬಂದ್ ಮಾಡುತ್ತ ಕೂರುತ್ತೇನೆ. ಸೋಲಾರ್ ಪ್ಲೇಟು ಅಗ್ಗವಾದವೆಂದು ಎಲ್ಲರೂ ಪ್ಲಾಂಟು ಕಟ್ಟಿದರು. ಎಲ್ಲರ ಕರೆಂಟೂ ಮಧ್ಯಾಹ್ನವೇ ಪೇಟೆಗೆ ಬಂದು ಬೀಳುತ್ತದೆ, ಆಗ ಅಷ್ಟು ಕೊಳ್ಳುವವರಿಲ್ಲ. ಸಂಜೆ ಊರೂರೇ ಕರೆಂಟಿಗೆ ಬಾಯಿಬಿಡುವಾಗ, ದರ ಏರಿದಾಗ, ನಮ್ಮ ಹತ್ತಿರ ಮಾರಲು ಏನೂ ಇರುವುದಿಲ್ಲ. ಹಿಡಿದಿಡಲು ಬ್ಯಾಟರಿ ತರಿಸಿ ಅಂದರೆ ಮ್ಯಾನೇಜರ್ ಸಿದ್ದರಾಮೇಶ, "ಮುಂದ ನೋಡೂಣು" ಅನ್ನುತ್ತಾನೆ. ಇದು ತಿಳಿಯಲು ಕಾಲೇಜು ಬೇಕಿಲ್ಲ. ತಿಳಿಯದಿರಲು ಮಾತ್ರ ದೊಡ್ಡ ಕಾಲೇಜೇ ಬೇಕೇನೋ!

ಹೋದ ವಾರ ಹೆಡ್ ಆಫೀಸಿನಿಂದ ಒಬ್ಬ ದೊಡ್ಡ ಸಾಹೇಬ ಬಂದಿದ್ದ. ಕಾರಿನ ಏಸಿಯಿಂದ ರೂಮಿನ ಏಸಿಗೆ ಓಡಿಬಂದು, ಅಷ್ಟಕ್ಕೇ ಬೆವರೊರೆಸಿಕೊಂಡು, ಬಿಸಿಲೇ ನಿಮ್ಮ ಸಂಪತ್ತು ಎಂದು ನಮಗೆ ಭಾಷಣ ಕೊಟ್ಟ. ಸೂಡಿ ಊರಿನ ದಾರಿಯಲ್ಲಿ ಇನ್ನೂ ಇನ್ನೂರು ಎಕರೆಗೆ ಪ್ಲೇಟು ಹಾಕುತ್ತಾರಂತೆ. ಕಾರಣ ಕೇಳಿದರೆ, ಪ್ಲೇಟು ಈಗ ಇನ್ನೂ ಅಗ್ಗವಂತೆ. ಮೊದಲ ಚಪ್ಪಾಳೆ ನಮ್ಮ ಸಿದ್ದರಾಮೇಶನದು.

ನಮಗೆ ಹೊಲ ಲೀಸಿಗೆ ಕೊಟ್ಟ ಹುಚ್ಚವ್ವ ನಿನಗೆ ಗೊತ್ತಲ್ಲ, ಅವಳ ಉಳಿದ ಎಂಟು ಎಕರೆಯೂ ಬೇಕೆಂದು ಅವತ್ತೇ ಸಹಿಗೆ ಕರೆಸಿದ್ದರು. ಬಂದವಳು ನನ್ನ ಮುಂದಿನ ಪರದೆ ನೋಡಿ, "ಅರ್ಧಾ ಯಾಕ ಕೆಂಪಗಾಗೇತಿ?" ಎಂದಳು.

"ಬಂದ್ ಮಾಡೇವಿ ಯವ್ವಾ. ಕರೆಂಟ ಹೆಚ್ಚಾಗೇತಿ, ತಗೊಳ್ಳಾವ್ರಿಲ್ಲ" ಎಂದ ಸಿದ್ದರಾಮೇಶ.

"ಹಂಗಾರ ಮತ್ಯಾಕ ಪ್ಲೇಟ ಹಾಕ್ತೀರಿ?"

ಸಾಹೇಬ ನಕ್ಕು, "ಅದು ಮಾರ್ಕೆಟ್ ವಿಷಯ ಅಜ್ಜಿ, ನಿಮಗೆ ಅರ್ಥ ಆಗಲ್ಲ" ಎಂದ.

ಹುಚ್ಚವ್ವ ಸೆರಗು ಬಿಗಿ ಮಾಡಿಕೊಂಡಳು. "ಹೋದ ವರ್ಷ ಎಲ್ಲಾರೂ ಉಳ್ಳಾಗಡ್ಡಿ ಹಾಕಿದ್ವಿ. ಪ್ಯಾಟ್ಯಾಗ ಕೇಳಾವ್ರಿಲ್ಲಂತ ಹೊಲದಾಗ ಹರಗಿ ಮಣ್ಣ ಮಾಡಿದ್ವಿ. ಈ ಸಲ ನಾ ಕಡ್ಲಿ ಹಾಕಿದ್ನಿ. ನಿಮಗ ಅಷ್ಟೂ ತಿಳೀಲಿಲ್ಲ ನೋಡ್ರಿ, ಮತ್ತ ಉಳ್ಳಾಗಡ್ಡೀನ ಹಾಕಾಕ ಹೊಂಟೀರಿ. ನನ್ನ ಹೊಲ ಕೊಡೂದಿಲ್ಲ."

ಪೆನ್ನು ಮುಟ್ಟದೆ ಎದ್ದು ಹೋದಳು. ಸಾಹೇಬನ ಮುಖ ನೋಡಬೇಕಿತ್ತು ನೀನು. "ಹಳ್ಳಿಯವರಿಗೆ ದೂರದೃಷ್ಟಿಯೇ ಇಲ್ಲ" ಎಂದು ಗೊಣಗಿ, ಊಟಕ್ಕೂ ನಿಲ್ಲದೆ ಹೊರಟ. ಸಿದ್ದರಾಮೇಶ ಕಾರಿನ ಬಾಗಿಲು ಹಿಡಿಯಲು ಓಡಿದ. ನಾನು ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ನಕ್ಕೆ. ಆದರೆ ಅವರೆಲ್ಲ ಹೋದ ಮೇಲೆ ನಕ್ಕೆ, ಅಕ್ಕ. ಎದುರಿಗಿದ್ದಾಗ ಪರದೆ ನೋಡುತ್ತ ಕುಳಿತಿದ್ದೆ.

ನಿನಗೂ ಮೇಘಾಳಿಗೂ ದೇವರು ಆಯುಷ್ಯ, ಆರೋಗ್ಯ, ಕೈತುಂಬ ಕೆಲಸ ಕೊಡಲಿ. ದಿನಾ ದುವಾದಲ್ಲಿ ನಿಮ್ಮ ಹೆಸರೆತ್ತುತ್ತೇನೆ.

ನಿನ್ನ
ಶಹನಾಜ

ತಾ.ಕ.: ಜನ ಹೆಚ್ಚಾಗಿದ್ದಾರೆ ಎಂದು ನಿನ್ನನ್ನು ತೆಗೆದರಲ್ಲ, ಅದಕ್ಕೆ ಎರಡು ದಿನ ಮೊದಲು ಸಿದ್ದರಾಮೇಶ ನನ್ನನ್ನು ಕರೆದು, "ಇಬ್ಬರೊಳಗ ಒಬ್ಬರನ್ನ ಇಟ್ಕೋಬೇಕಾಗೇತಿ. ಲಕ್ಷ್ಮೀ ಕೆಲಸ ಹ್ಯಾಂಗ?" ಎಂದು ಕೇಳಿದ. ನನಗೆ ಈ ಕೆಲಸ ಕಲಿಸಿದವಳು ನೀನು. ಅಷ್ಟು ಹೇಳಿದ್ದರೆ ಸಾಕಿತ್ತು. "ಅಕ್ಕಗ ಮೊಣಕಾಲ ನೋವು ಭಾಳ ಐತ್ರಿ, ಪ್ಲೇಟಿನ ಸಾಲು ಅಡ್ಡಾಡಾಕ ಆಗೂದಿಲ್ಲ" ಎಂದೆ. ಆ ನೋವಿನ ಸಂಗತಿಯನ್ನು, ಯಾರಿಗೂ ಹೇಳಬೇಡವೆಂದು ಕೈಹಿಡಿದು, ನೀನು ನನಗೊಬ್ಬಳಿಗೇ ಹೇಳಿದ್ದೆ.