ಪಂಕ್ತಿಯಿಂದ ಎದ್ದವಳಿಗೆ

ಪ್ರೀತಿಯ ಪುಳ್ಳಿ ನಿಶ್ಮಿತಾಳಿಗೆ, ಸಂಪಾಜೆಯಿಂದ ನಿನ್ನ ಅಜ್ಜಿ ಬರೆಯುವುದು.

ನೀನು ನನ್ನ ಫೋನ್ ಎತ್ತದೆ ನಲವತ್ತು ದಿನವಾಯಿತು. ಎತ್ತಬೇಡ. ಅದು ಬಡಿದುಕೊಂಡಾಗೆಲ್ಲ ನಿನ್ನ ಎದೆಯೂ ಬಡಿದುಕೊಳ್ಳುತ್ತದೆ ಎಂದು ನಿನ್ನ ತಮ್ಮ ಶ್ರೀಶ ಹೇಳಿದ. ಅದಕ್ಕೇ ಕಾಗದ.

ನೆಲ್ಯಾಡಿಯ ಆ ಉಪನಯನದ ಊಟ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಅಡುಗೆ ಚೆನ್ನಾಗಿಯೇ ಇತ್ತು. ಹೇಸಿಗೆ ನಮ್ಮವರ ಮೇಲೆ. ಮೈಕಿನ ಗದ್ದಲ, ಬಕೆಟಿನ ಸದ್ದು, ಅದರ ನಡುವೆ ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ನೀನು ನಿನ್ನ ಪಾಡಿಗೆ ನನ್ನ ಪಕ್ಕ ಕೂತಿದ್ದೆ. ಬಡಿಸುತ್ತಿದ್ದ ನಿನ್ನ ಸೋದರಮಾವ, ನನ್ನದೇ ಹೊಟ್ಟೆಯಲ್ಲಿ ಹುಟ್ಟಿದ ಶ್ಯಾಮ, "ಎಂತ ಮಾರಾಯ್ತಿ, ಊಟಕ್ಕೆ ಬಂದದ್ದಾ, ವಿಮಾನ ಬಿಡ್ಲಿಕ್ಕೆ ಹೊರಟದ್ದಾ?" ಎಂದ. ಸಾಲಿಗೆ ಸಾಲೇ ಹಲ್ಲು ಕಿಸಿಯಿತು. ಮಾನ ಹೋಯಿತೆಂದು ಅದನ್ನು ನಿನ್ನ ತಲೆಯಿಂದ ಕಿತ್ತು ಸೆರಗಿನೊಳಗೆ ಅಡಗಿಸಿದವಳು ನಾನು.

ಆಮೇಲೆ ಸುಡುಸುಡುವ ಪಾಯಸ ಬಂತು. ನೀನು ಎಲೆಗೆ ಎರಡು ಕೈ ಅಡ್ಡ ಹಿಡಿದೆ. ಬೇಡ ಎಂದವರಿಗೇ ಇನ್ನೊಂದು ಸೌಟು ಸುರಿಯುವುದು ನಮ್ಮಲ್ಲಿ ಉಪಚಾರವಂತೆ. ಶ್ಯಾಮ ಬೆರಳ ಮೇಲೆಯೇ ಸುರಿದ. ನೀನು ಕೂಗಿ, ಕಿವಿ ಮುಚ್ಚಿ, ಎದ್ದು ನಡೆದೆ. ಪಂಕ್ತಿ ಮುಗಿಯುವ ಮೊದಲು! ಸಾಲಿನ ನಡುವೆ ಹಾವು ಬಿದ್ದಿದ್ದರೂ ಅಷ್ಟು ಗುಲ್ಲಾಗುತ್ತಿರಲಿಲ್ಲ. "ಪ್ರಾಯ ಮೂವತ್ತಾಯ್ತು, ಇನ್ನೂ ಹಟ ಉಂಟು" ಎಂದರು. ಸುಟ್ಟ ಬೆರಳಿಗೆ ನೀರು ಹಾಕಲು ಒಂದು ನರಪಿಳ್ಳೆಯೂ ಏಳಲಿಲ್ಲ. "ಬಂದು ಕೂತ್ಕೊ, ಮರ್ಯಾದೆ ತೆಗಿಬೇಡ" ಎಂದು ಗದರಿದ್ದೂ ನಾನೇ. ಥೂ, ಈ ನಾಲಗೆಗೆ!

ಮಂಗಳೂರಿನ ಡಾಕ್ಟರು ಆಟಿಸಂ ಎಂದ ಮೇಲೆ ನೀನು ನನಗೆ ಬಿಡಿಸಿ ಹೇಳಿದ್ದೆ: "ಅಜ್ಜೀ, ನಿಮಗೆ ಸದ್ದು ಹೊರಗೆ ಇರ್ತದೆ. ನನಗೆ ಅದು ಒಳಗೇ ಬಂದು ಕೂರ್ತದೆ." ನಾನು ಎಂತ ಹೇಳಿದೆ? "ಎಲ್ಲರಿಗೂ ಸ್ವಲ್ಪ ಹಾಗೆಯೇ." ಸುಳ್ಳು ಅದು. ನಿನ್ನ ಬಾಯಿ ಮುಚ್ಚಿಸಲು ಹೇಳಿದ್ದು.

ಪುತ್ತೂರಿನ ರೂಮಿನಲ್ಲಿ ನೀನು ದಿನ ತಳ್ಳುವುದನ್ನು ಶ್ರೀಶ ಹೇಳಿದ. ಆಫೀಸಿನಿಂದ ಬಂದು ಫ್ಯಾನ್ ಕೂಡ ಹಾಕದೆ ಒಂದು ಗಂಟೆ ಬಿದ್ದುಕೊಳ್ಳುತ್ತೀಯಂತೆ. ವಾರವಿಡೀ ಗಂಜಿ, ಚಟ್ನಿ. ಸ್ನಾನ ಮಾಡಬೇಕೆಂಬುದನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೀಯಂತೆ. ಇಷ್ಟು ಕಷ್ಟದಲ್ಲಿ ಶ್ಯಾಮ ಒಂದು ಸೋಮವಾರ ಬದುಕಿ ತೋರಿಸಲಿ.

ಈಗ ಅಜ್ಜನ ತಿಥಿಗೆ "ಅವಳು ಬರುದು ಬೇಡ" ಎಂದು ಹೊರಟಿದ್ದಾನೆ. ಅವಳಿಗಿಲ್ಲದ ಎಲೆ ನನಗೂ ಬೇಡ ಎಂದೆ. ನನಗೆ ಅರಳುಮರಳಂತೆ. ಇರಲಿ.

ಆ ದಿನ ನಾನು ಇಲ್ಲಿ ಕೂರುವುದಿಲ್ಲ. ಬೆಳಗ್ಗಿನ ಬಸ್ಸಿಗೆ ನಿನ್ನಲ್ಲಿಗೆ ಬರಲಾ? ಮಾತಾಡಲಿಕ್ಕಿಲ್ಲ. ಒಂದು ಮೂಲೆಯಲ್ಲಿ ಕೂತು ಸಂಜೆ ಹೊರಡುತ್ತೇನೆ. ಆಗಬಹುದಾದರೆ ಶ್ರೀಶನಿಗೆ ಒಂದು ಮೆಸೇಜ್ ಹಾಕು. ಅದು ಬಾರದಿದ್ದರೆ ನಾನು ಬಸ್ಸು ಹತ್ತುವುದಿಲ್ಲ, ಕೋಪವೂ ಮಾಡುವುದಿಲ್ಲ.

ಬೆರಳು ವಾಸಿಯಾಗಿರಲಿ, ದಿನಗಳು ಹಗುರಾಗಲಿ ಮಗಾ.

ನಿನಗೆ ತಪ್ಪು ಮಾಡಿದ ಅಜ್ಜಿ,
ಶಂಕರಿ