ಆಯಿಯ ಎರಡು ಸಾಲು

ಅಂಕೋಲಾ
ತಾ. ೧೪-೧೧-೧೯೩೪, ಬುಧವಾರ

ಚಿ. ಸೌ. ಶರಾವತಿಗೆ ನಿನ್ನ ಅಪ್ಪಯ್ಯನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಹಾಗೆ ಬರೆಯುವ ರೂಢಿ ಉಂಟಲ್ಲ, ಅದಕ್ಕೆ ಬರೆದೆ. ಎಷ್ಟು ಕ್ಷೇಮ ಅಂತ ಮುಂದೆ ಓದಿದರೆ ನಿನಗೇ ತಿಳಿಯುತ್ತದೆ. ದೀಪಾವಳಿಗೆ ಮುಂಚೆ ನೀನು ಧಾರವಾಡದಿಂದ ಹಾಕಿದ ಕಾಗದ ಬಂದು ಹದಿನೈದು ದಿನವಾಯಿತು. ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ನಿನ್ನನ್ನು ಹೆತ್ತ ಆಯಿಯಂತೂ ದಿನಾ "ಶರಾವತಿಗೆ ಬರದ್ರಾ?" ಅಂತ ಕೇಳಿ ಕೇಳಿ ನನ್ನ ತಲೆ ತಿಂದಳು. ಅಷ್ಟು ಅವಸರವಿದ್ದರೆ ತಾನೇ ಬರೆಯಬಹುದಲ್ಲ? ನನ್ನ ಕಾಗದದ ಕೊನೆಗೆ ಆಯಿಯ ಎರಡು ಸಾಲು ಬಾರದೆ ವರ್ಷ ಕಳೆಯಿತು ಅಂತ ನೀನು ನನ್ನನ್ನೇ ದೂರಿದ್ದೀಯೆ. ನಾನೆಂತ ಮಾಡಲಿ? ಪೆನ್ನು ಕೊಟ್ಟರೆ "ಕೈಯೆಲ್ಲ ಹಿಟ್ಟು, ನೀವೇ ಬರೀರಿ" ಅನ್ನುತ್ತಾಳೆ. ಸೋಮಾರಿಯಾಗಿದ್ದಾಳೆ. ಅಕ್ಕಿಯ ಕಲ್ಲು ಹೆಕ್ಕಲಿಕ್ಕೂ ಈಗ ಪಕ್ಕದ ಮನೆಯ ನೀಲಾ ಬರಬೇಕು.

ಇನ್ನು ನನ್ನ ಮೊಣಕಾಲಿನ ಕಥೆ. ಜ್ಯೇಷ್ಠದ ಮಳೆ ಹಿಡಿದಾಗಿನಿಂದ ಬಲಗಾಲು ಊದಿದೆ. ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಕಾರವಾರದ ಕೋಡಿಬಾಗದಲ್ಲಿ ಹೊಸ ಡಾಕ್ಟರೊಬ್ಬರು ದವಾಖಾನೆ ತೆರೆದಿದ್ದಾರೆ ಅಂತ ನಿನ್ನ ಅಣ್ಣ ಹಬ್ಬ ಮುಗಿದ ಮೇಲೆ ಶನಿವಾರ ನನ್ನನ್ನು ಕರೆದುಕೊಂಡು ಹೋದ. ಮೋಟಾರಿನ ಮೆಟ್ಟಿಲು ನನ್ನ ಸೊಂಟದ ಎತ್ತರ. ಕಂಡಕ್ಟರ "ಬೇಗ ಹತ್ತು ಅಜ್ಜಾ, ಎಲ್ಲರಿಗೂ ಹೊತ್ತಾತು" ಅಂದ. ಬೇಗ ಹತ್ತಲಿಕ್ಕೆ ಬರುವುದಿದ್ದರೆ ನಾನು ದವಾಖಾನೆಗೆ ಯಾಕೆ ಹೋಗುತ್ತಿದ್ದೆ ಮಾರಾಯ್ತಿ?

ಅಲ್ಲಿ ನೋಡಿದರೆ ದವಾಖಾನೆ ಮಾಳಿಗೆಯ ಮೇಲೆ! ಕಾಲುನೋವಿನವರು ಹದಿನಾಲ್ಕು ಮೆಟ್ಟಿಲು ಹತ್ತಿ ಹೋಗಿ ಕಾಲು ತೋರಿಸಬೇಕು. ಹಿಡಿದುಕೊಳ್ಳಲಿಕ್ಕೆ ಒಂದು ಹಗ್ಗವೂ ಇಲ್ಲ. ಮೇಲೆ ಇದ್ದದ್ದು ಒಂದೇ ಬಾಕು, ಅದರ ಮೇಲೆ ಗಟ್ಟಿಮುಟ್ಟಾದ ನಾಲ್ವರು ಕೂತಿದ್ದರು. ದೇವಬಾಗದಿಂದ ದೋಣಿಯಲ್ಲಿ ಬಂದ ಕಾಮಿ ಎಂಬ ಮುದುಕಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. "ನಮ್ಮನ್ನ ಕಡೀಗೇ ಕರಿಯೂದು ಒಡ್ಯಾ. ಮುದ್ಕರಿಗೆ ಎಂತ ಅವಸರ ಅದೆ ಅಂತ ಅವ್ರ ಲೆಕ್ಕ" ಅಂದು ನಕ್ಕಳು. ನನಗೆ ನಗು ಬರಲಿಲ್ಲ. ಎರಡು ತಾಸು ಗೋಡೆಗೆ ಒರಗಿ ನಿಂತೆ.

ಕಡೆಗೂ ಒಳಗೆ ಕರೆದರು. ಡಾಕ್ಟರು ನನ್ನ ಮುಖ ನೋಡಲಿಲ್ಲ. ನಿನ್ನ ಅಣ್ಣನನ್ನು ಕೇಳಿದರು: ಇವರಿಗೆ ಎಷ್ಟು ದಿನದಿಂದ ನೋವು? ಊಟ ಸೇರುತ್ತದಾ? ನಿದ್ದೆ ಬರುತ್ತದಾ? ಇವನು "ಒಂದು ತಿಂಗಳಾಯ್ತು" ಅಂದ. ಐದು ತಿಂಗಳು! ನಾನು ಬಾಯಿ ತೆರೆದರೆ "ಅಪ್ಪಯ್ಯ, ನೀ ಸುಮ್ನಿರು, ನಾ ಹೇಳ್ತೆ" ಅಂದುಬಿಟ್ಟ. ನೋವು ನನ್ನದು, ಹೇಳುವವನು ಅವನು! ಆಮೇಲೆ ಡಾಕ್ಟರು, ಈ ಹಳ್ಳಿ ಮುದುಕನಿಗೆ ತಿಳಿಯಲಿಕ್ಕಿಲ್ಲ ಅಂದುಕೊಂಡು, ಮರಾಠಿಯಲ್ಲಿ ಅವನಿಗೆ ಹೇಳಿದರು: "ವಯಸ್ಸಾಯಿತಲ್ಲ, ಹೀಗೇ." ಮೂವತ್ತು ವರ್ಷ ಕಾರವಾರದ ಬಂದರು ಕಚೇರಿಯಲ್ಲಿ ಮರಾಠಿ ದಫ್ತರ ಬರೆದವನು ನಾನು. ಅದೇ ಮರಾಠಿಯಲ್ಲಿ ಹೇಳಿದೆ: "ಡಾಕ್ಟರ್ ಸಾಹೇಬರೇ, ನನ್ನ ಎಡಗಾಲಿಗೂ ಇಷ್ಟೇ ವಯಸ್ಸು. ಅದು ಯಾಕೆ ನೋಯುವುದಿಲ್ಲ?" ಡಾಕ್ಟರು ನಕ್ಕರು. ಮಗು ತೊದಲಿದಾಗ ನಗುತ್ತಾರಲ್ಲ, ಹಾಗೆ. ನಿನ್ನ ಅಣ್ಣ ನಾಚಿಕೆಯಿಂದ ಕಿಟಕಿ ಕಡೆ ನೋಡಿದ.

ಅಷ್ಟಕ್ಕೇ ಮುಗಿಯಲಿಲ್ಲ. ಕಂಪೌಂಡರ ನಾವು ಒಯ್ದ ಬಾಟಲಿಗೆ ಕೆಂಪು ಔಷಧ ತುಂಬಿ, ಹೊರಗಿಂದ ಅಳತೆಯ ಗುರುತು ಹಾಕಿದ ಒಂದು ಕಾಗದದ ಪಟ್ಟಿ ಅಂಟಿಸಿ, ಹೊತ್ತಿಗೊಂದು ಗುರುತಿನಷ್ಟು ಕೊಡಿ ಅಂದ. ಗುರುತೋ, ಇರುವೆಯ ಕಾಲಿನಷ್ಟು! ಸೋಮವಾರ ಬೆಳಿಗ್ಗೆ ನಿನ್ನ ಆಯಿ ಒಂದು ಗುರುತಿನ ಬದಲು ಮೂರು ಗುರುತಿನಷ್ಟು ಬಗ್ಗಿಸಿ ಕೊಟ್ಟಳು. ತಲೆ ಸುತ್ತಿ, ಎರಡು ಸಲ ವಾಂತಿಯಾಗಿ, ದಿನವಿಡೀ ಮಲಗಿದೆ. ಎದ್ದ ಮೇಲೆ ಅವಳಿಗೆ ಚೆನ್ನಾಗಿ ಬೈದೆ. ಆಮೇಲೆ ಆ ಕಂಪೌಂಡರನಿಗೂ ಇಲ್ಲಿಂದಲೇ ಬೈದೆ. ಮುದುಕರ ಮನೆಗೆ ಕೊಡುವ ಔಷಧಕ್ಕೆ ಮುದುಕರ ಕಣ್ಣಿಗೆ ಕಾಣುವ ಗುರುತು ಹಾಕಲಿಕ್ಕೆ ಏನು ಧಾಡಿ?

ಶರಾವತಿ, ಮೊಣಕಾಲಿನ ನೋವು ತಡೆದುಕೊಂಡೇನು. ಎದುರಿಗೆ ಕೂತ ನನ್ನನ್ನು ಬಿಟ್ಟು ನನ್ನ ನೋವನ್ನು ಇನ್ನೊಬ್ಬರ ಹತ್ತಿರ ಕೇಳುತ್ತಾರಲ್ಲ, ಅದನ್ನು ತಡೆಯಲಾರೆ. ನನಗೆ ಬಹಳ ಅವಮಾನವಾಯಿತು. ಧಾರವಾಡದಲ್ಲಿ ಮುದುಕರ ಮುಖ ನೋಡಿ ಮಾತಾಡುವ ಡಾಕ್ಟರು ಯಾರಾದರೂ ಇದ್ದರೆ ಅಳಿಯಂದಿರಿಂದ ವಿಚಾರಿಸಿ ಬರೆ.

ಮಕ್ಕಳಿಗೆ ಮುದ್ದು. ನಿನ್ನ ಮನೆಯಲ್ಲಿ ಎಲ್ಲರ ಮಾತಿಗೂ ಬೆಲೆಯಿರಲಿ, ನಿನ್ನ ಕೈಕಾಲು ಗಟ್ಟಿಯಿರಲಿ ಅಂತ ಹರಸುವ,

ನಿನ್ನ ಅಪ್ಪಯ್ಯ
ಸುಬ್ರಾಯ

ತಾ.ಕ.: ಕೊನೆಗೆ ನಿನ್ನನ್ನು ಹರಸಿದ ಸಾಲುಗಳ ಮೇಲೆ ಮಸಿ ಚೆಲ್ಲಿದೆ ಅಂತ ತಿಳಿಯಬೇಡ. ಅದು ನಿನ್ನ ಆಯಿಯ ಅಕ್ಷರ.

ಲಕೋಟೆ ಅಂಟಿಸುವ ಮುಂಚೆ, ನಿನ್ನ ದೂರು ತಪ್ಪಲಿ ಅಂತ, ಪೆನ್ನು ಅವಳ ಕೈಗೆ ತುರುಕಿ "ಬರಿ" ಅಂತ ಗದರಿದೆ. ಅಡಿಯಲ್ಲಿ ಅರ್ಧ ಪುಟ ಖಾಲಿ ಇತ್ತು. ಅವಳು ನಾನು ಬರೆದದ್ದರ ಮೇಲೆಯೇ ಬರೆದಳು. ಬರೆದು, ಸರಿಯಾಯಿತಾ ಅಂತ ನನ್ನ ಕಡೆ ತಿರುಗಿದಳು. ಆಗ ಕೇಳಿದರೆ, ಎಡಗಣ್ಣು ಪೂರ್ತಿ ಹೋಗಿದೆಯಂತೆ. ಬಲಗಣ್ಣಿಗೆ ಬರೀ ಮಂಜು. ಬಾಟಲಿಯ ಮೇಲೆ ಗುರುತು ಇದ್ದದ್ದೇ ಅವಳಿಗೆ ಗೊತ್ತಿಲ್ಲ.

"ಎಷ್ಟು ದಿನದಿಂದ?" ಅಂದೆ.

"ಮೂರು ವರ್ಷ ಆಗೂಕೆ ಬಂತು. ಭಾವಿಕೇರಿ ವೈದ್ಯರು ಮನೆಗೆ ಬಂದಾಗ ಹೇಳೂಕೆ ಅಂತ ಬಾಗಿಲ ಹಿಂದೆ ನಿಂತಿದ್ದೆ. ಇವ್ರಿಗೆ ಎಂತ ತ್ರಾಸು ಅಂತ ಅವ್ರು ನಿಮ್ಮನ್ನ ಕೇಳಿದ್ರು. ನೀವೇ ಹೇಳಿ ಕಳಿಸಿದ್ರಿ."

"ಎಂತ ಹೇಳಿದ್ದೆ ನಾನು?"

"ವಯಸ್ಸಾಯ್ತಲ್ಲ, ಹೀಗೇ ಅಂತ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ಬರುವ ಸೋಮವಾರ ಅವಳನ್ನು ಅದೇ ಕೋಡಿಬಾಗಕ್ಕೆ ಒಯ್ಯುತ್ತೇನೆ, ಮೊಣಕಾಲು ಏನು ಬೇಕಾದರೂ ಆಗಲಿ. ನೀನು ಅದರೊಳಗೆ ಹೊರಟು ಬಾ. ಡಾಕ್ಟರು ಕೇಳಿದಾಗ ನಾನು ಬಾಯಿ ಹಾಕಿದರೆ ನನ್ನನ್ನು ಹೊರಗೆ ಕಳಿಸು. ನಲವತ್ತು ವರ್ಷದ ಚಾಳಿ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ.

ಅವಳ ಎರಡು ಸಾಲು ನಿನಗೆ ಓದಲಿಕ್ಕಾಗಲಿಕ್ಕಿಲ್ಲ. ಬಿಸಿಲಿಗೆ ಹಿಡಿದು ನಾನು ಓದಿದ್ದೇನೆ, ಕೆಳಗೆ ಚಂದ ಮಾಡಿ ಬರೆದುಕೊಡಬಹುದಿತ್ತು. ಬರೆಯುವುದಿಲ್ಲ. ನೀನೇ ಬಂದು ಅವಳನ್ನು ಕೇಳು.