ಹದಿನಾಲ್ಕನೆಯ ಚಿತ್ರ

ಕಮಲಾಪುರ
೯ ಫೆಬ್ರುವರಿ ೨೦೨೫, ಭಾನುವಾರ

ವಿವೇಕಾನಂದ ಅವರಿಗೆ,

ನಿಮ್ಮ ಹೆಸರಿನ ಹಿಂದೆ ಒಂದು ಶಬ್ದ ಬರೆದು ಹೊಡೆದುಹಾಕಿದ್ದು ಕಾಣುತ್ತಿರಬಹುದು. ‘ಪ್ರೀತಿಯ’ ಎಂದಿತ್ತು. ಹನ್ನೊಂದು ವರ್ಷದ ರೂಢಿ, ಕೈ ತಾನಾಗಿಯೇ ಬರೆದುಬಿಟ್ಟಿತು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಹೊಡೆದುಹಾಕಿದ್ದನ್ನೂ ನೀವು ನೋಡಬೇಕು.

ನಿನ್ನೆಯ ಪೇಪರಿನಲ್ಲಿ ನಿಮ್ಮ ಮಾತು ಓದಿದೆ. ‘ಛಾಯಾಚಿತ್ರ ಪ್ರದರ್ಶನದಲ್ಲಿ ಪ್ರೇಕ್ಷಕಿಯಿಂದ ಗದ್ದಲ’ ಎಂದು ತಲೆಬರಹ. ಆಕೆ ಯಾರು ಎಂದು ವರದಿಗಾರ ಕೇಳಿದ್ದಕ್ಕೆ, ಗೊತ್ತಿಲ್ಲ, ಕಲೆ ತಿಳಿಯದವರು ಎಲ್ಲ ಕಡೆ ಇರುತ್ತಾರೆ ಎಂದಿದ್ದೀರಿ. ಗೊತ್ತಿಲ್ಲ! ನಾಲ್ಕು ವರ್ಷದಿಂದ ನೀವು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಮನೆಯಲ್ಲಿ, ನಾನು ಇಲ್ಲಿ ಕಮಲಾಪುರದಲ್ಲಿ ಇರಬಹುದು. ಆದರೆ ನನ್ನ ಕೊರಳಲ್ಲಿರುವ ತಾಳಿ ನೀವೇ ಕಟ್ಟಿದ್ದು. ಅದಕ್ಕೇ, ಗದ್ದಲ ಮಾಡಿದವಳು ಯಾರು, ಯಾಕೆ ಮಾಡಿದಳು ಎಂದು ಬರೆದು ತಿಳಿಸುತ್ತಿದ್ದೇನೆ.

ನಿಮ್ಮ ಆಮಂತ್ರಣ ನನಗೆ ಬರಲಿಲ್ಲ, ನಮ್ಮ ಶಾಲೆಗೆ ಬಂತು. ವರ್ಷಕ್ಕೊಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕಲಬುರಗಿಗೆ ಕರೆದೊಯ್ದು ಮ್ಯೂಸಿಯಂ, ಒಂದೆರಡು ಚಿತ್ರಪ್ರದರ್ಶನ ತೋರಿಸಿ ತರುವುದು ಚಿತ್ರಕಲಾ ಶಿಕ್ಷಕಿಯಾದ ನನ್ನ ಪಾಲಿನ ಕೆಲಸ. ಹೆಡ್‌ಮಾಸ್ಟರ್ ನಾಗಣ್ಣ ಸರ್ ಕಾರ್ಡು ಕೈಗಿಟ್ಟು, “ನಿಮ್ಮ ಮನಿಯವರದೇ ಅದ ನೋಡ್ರೀ ಟೀಚರ್, ಈ ಸಲ ಇದನ್ನೂ ತೋರಿಸ್ಕೊಂಡು ಬರ್ರಿ” ಎಂದರು. ಕಾರ್ಡಿನ ಮೇಲೆ ‘ಅವ್ವ: ಇಪ್ಪತ್ತೇಳು ಛಾಯಾಚಿತ್ರಗಳು’ ಎಂದಿತ್ತು. ಕೆಳಗೆ ಅವ್ವನ ಕೈ. ಉಬ್ಬಿದ ನರಗಳು, ಬೆರಳಿಗೆ ಅಂಟಿದ ವಿಭೂತಿ.

ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನು ನೋಡಿ ನನ್ನ ಕಣ್ಣು ತುಂಬಿದವು. ತಾಯಿ ಹೋಗಿ ಹದಿನಾಲ್ಕು ತಿಂಗಳಾದ ಮೇಲಾದರೂ ಮಗನಿಗೆ ಆಕೆಯ ಕೈ ನೆನಪಾಯಿತಲ್ಲ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಟ್ರಂಕಿನ ತಳದಿಂದ ನೀಲಿ ಇಳಕಲ್ ಸೀರೆ ತೆಗೆದು ಉಟ್ಟೆ. ಬಸ್ಸಿನಲ್ಲಿ ಪಕ್ಕ ಕೂತ ವಿಜ್ಞಾನದ ಟೀಚರ್ ಫರ್ಹೀನ್, “ಏನ್ರೀ ಮಲ್ಲಿಕಾ, ಮದುವಿಗೆ ಹೊಂಟಂಗ ಕಾಣಾಕತ್ತೀರಲ್ಲ” ಎಂದು ನಕ್ಕಳು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮೊದಲು ಮ್ಯೂಸಿಯಂಗೆ ಹೋದೆವು. ಗುಮ್ಮಟದ ತಂಪಿನಲ್ಲಿ ಇಪ್ಪತ್ತೆರಡು ಹುಡುಗಿಯರೂ ನೆಲದ ಮೇಲೆ ಕೂತು ಕಲ್ಲಿನ ವಿಗ್ರಹಗಳನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿದರು. ಸಬಾ ಎಂಬ ಹುಡುಗಿ, ತೋಳು ಮುರಿದ ಹೆಣ್ಣಿನ ಶಿಲ್ಪವೊಂದಕ್ಕೆ ತನ್ನ ಹಾಳೆಯಲ್ಲಿ ತೋಳು ಜೋಡಿಸಿದ್ದಳು. ಇಲ್ಲದ್ದನ್ನು ಯಾಕೆ ಬಿಡಿಸಿದೆ ಎಂದು ಕೇಳಿದರೆ, “ಪಾಪ ಅನಿಸ್ತ್ರೀ ಟೀಚರ್” ಎಂದಳು. ಇದ್ದದ್ದನ್ನು ಇದ್ದ ಹಾಗೇ ಬಿಡಿಸಬೇಕು, ಅದೇ ಕಲೆ ಎಂದು ಅವಳಿಗೆ ದೊಡ್ಡದಾಗಿ ಪಾಠ ಹೇಳಿದೆ. ಜಗತ್ ಸರ್ಕಲ್ ಹತ್ತಿರ ಊಟ ಮುಗಿಸಿ ಮೂರು ಗಂಟೆಗೆ ನೀವು ಕೆಲಸ ಮಾಡುವ ಕಾಲೇಜಿನ ಗ್ಯಾಲರಿಗೆ ಬಂದೆವು.

ಮೊದಲ ಕೋಣೆಯ ಬಗ್ಗೆ ನನ್ನ ತಕರಾರಿಲ್ಲ. ಅವ್ವನ ಬಾಚಣಿಗೆ, ಚಷ್ಮಾ, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಕಿಟಕಿಯ ಕಡೆ ತಿರುಗಿದ ಮುಖ. ಹುಡುಗಿಯರು “ಟೀಚರ್, ನಮ್ಮ ನೀರಿನ ಅಜ್ಜಿ!” ಎಂದು ಸಂಭ್ರಮಪಟ್ಟರು. ಶಾಲೆಯ ಗೇಟಿನ ಎದುರು ನಮ್ಮ ಮನೆ. ಶಾಲೆಯ ನಳ ನಿಂತುಹೋದಾಗಲೆಲ್ಲ ಆ ಮಕ್ಕಳಿಗೆ ತಂಬಿಗೆ ತುಂಬಿ ನೀರು, ಅಂಗೈಗೊಂದು ಬೆಲ್ಲದ ಚೂರು ಕೊಟ್ಟವರು ಅವ್ವ. ನಿಮ್ಮನ್ನು ಹೆತ್ತವರು ಅವರು, ಸೊಸೆಯಾಗಿ ಬಂದ ನಾನೂ ಅವ್ವ ಎಂದೇ ಕರೆದೆ. ಸ್ವಂತ ತಮ್ಮ ಬಂದರೂ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುವ ಹೆಂಗಸು. ಹಾಸಿಗೆ ಹಿಡಿದು ಮಾತು ಹೋದ ಮೇಲೂ ಬಾಗಿಲು ಸಪ್ಪಳಾದರೆ ಮೊದಲು ಕೈ ತಲೆಗೆ ಹೋಗುತ್ತಿತ್ತು. ಇದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಎರಡನೆಯ ಕೋಣೆ ಮಾಡಿದಿರಿ.

ಒಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡ ಹದಿನಾಲ್ಕನೆಯ ಚಿತ್ರ. ಮಂಚದ ಅಂಚಿಗೆ ಅವ್ವ ವಾಲಿದ್ದಾರೆ. ಸೀರೆ ತೊಡೆಯ ಮೇಲಕ್ಕೆ ಸರಿದಿದೆ, ಎದೆಯ ಮೇಲೆ ಏನೂ ಇಲ್ಲ. ಕೆಳಗಿನ ಹಾಸಿಗೆಯೆಲ್ಲ ಹೊಲಸು. ಹಲ್ಲಿಲ್ಲದ ಬಾಯಿ ತೆರೆದಿದೆ, ಒಂದು ಕೈ ತಲೆಯ ಮೇಲೆ ಇಲ್ಲದ ಸೆರಗನ್ನು ಹುಡುಕುತ್ತಿದೆ. ಕೆಳಗೆ ಅಂಟಿಸಿದ ಚೀಟಿಯಲ್ಲಿ ‘ವಿಸರ್ಜನೆ’ ಎಂದು ಹೆಸರು. ಹೇಲಿಗೂ ಅದೇ ಶಬ್ದ, ದೇವರನ್ನು ನೀರಿಗೆ ಬಿಡುವುದಕ್ಕೂ ಅದೇ ಶಬ್ದ. ಅದು ಹೊಳೆದ ದಿನ ನಿಮಗೆ ಎಷ್ಟು ಖುಷಿಯಾಗಿರಬೇಕು!

ಹನ್ನೊಂದು ತಿಂಗಳು ಆ ಹೊಲಸು ಬಳಿದವಳು ನಾನು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಒಮ್ಮೆ, ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದು ಒಮ್ಮೆ, ಸಂಜೆ ಲೆಕ್ಕವಿಲ್ಲ. ಬೆನ್ನಿನ ಹುಣ್ಣು ಒರೆಸಿದ ಕೈಯಲ್ಲೇ ಸೋಪು ಹಚ್ಚಿ ತೊಳೆದು, ಕೆಂಪು ಬಾಳೆಹಣ್ಣು ಕಿವುಚಿ ತಿನ್ನಿಸಿದ್ದೇನೆ. ಒಂದು ದಿನವೂ ವಾಕರಿಕೆ ಬಂದಿರಲಿಲ್ಲ. ಬಂದದ್ದು ನಿಮ್ಮ ಎಸಿ ಕೋಣೆಯಲ್ಲಿ, ಮಲ್ಲಿಗೆಯ ಸೆಂಟು ಹೊಡೆದ ಗಾಳಿಯಲ್ಲಿ.

ಆ ಭಾನುವಾರ ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. ಜೂನ್ ತಿಂಗಳು. ನೀವು ಎರಡು ತಿಂಗಳ ಮೇಲೆ ಬಂದಿದ್ದಿರಿ, ಹೊಸ ಕ್ಯಾಮೆರಾ ಹೆಗಲಿಗಿತ್ತು. ಅವ್ವ ಹಾಸಿಗೆಯಲ್ಲೇ ಮಾಡಿಕೊಂಡರು. ನಾನು ಅವರ ಸೀರೆ ಸಡಿಲಿಸಿ, ಬಿಸಿನೀರು ತರಲು ಹಿತ್ತಲಿಗೆ ಹೋಗುತ್ತ, “ಎರಡು ನಿಮಿಷ ಹಿಡ್ಕೊಂಡು ಕೂಡ್ರಿ, ಇಲ್ಲಾಂದ್ರ ಬೀಳ್ತಾರ” ಎಂದು ಹೇಳಿ ಹೋದೆ. ತಿರುಗಿ ಬಂದಾಗ ನೀವು ಹಿಡಿದಿದ್ದದ್ದು ಅವ್ವನನ್ನಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಒಂದು ಕಣ್ಣು ಮುಚ್ಚಿ ನಿಂತಿದ್ದಿರಿ. ಅವ್ವ ಜಾರುತ್ತಿದ್ದರು. ನಾನು ಬಕೆಟ್ಟು ಅಲ್ಲೇ ಬಿಟ್ಟು ಓಡಿಬಂದು ಎತ್ತಿಕೊಂಡೆ; ಬಿಸಿನೀರು ಕಾಲ ಮೇಲೆ ಚೆಲ್ಲಿತು. ನೀವು ಹೊರಗೆ ಹೋಗಿ ಕರವಸ್ತ್ರ ಮೂಗಿಗೆ ಹಿಡಿದು ಕೂತಿರಿ. ಆ ಎರಡು ನಿಮಿಷವನ್ನೇ ನೀವು ದೊಡ್ಡದು ಮಾಡಿ ಗೋಡೆಗೆ ಹಾಕಿದ್ದು.

ಚಿತ್ರದ ಎದುರು ಐದಾರು ಜನ ಸಮೋಸಾ ತಿನ್ನುತ್ತ ನಿಂತಿದ್ದರು. ಖಾದಿ ಜುಬ್ಬಾದವರೊಬ್ಬರು ಬೆರಳಿನ ಎಣ್ಣೆ ಒರೆಸಿಕೊಳ್ಳುತ್ತ, “ಎಷ್ಟು ಪ್ರಾಮಾಣಿಕ, ಎಷ್ಟು ನಿರ್ಭೀತ” ಎಂದರು. ನಿಮ್ಮ ಕಾಲೇಜಿನ ಹುಡುಗಿಯೊಬ್ಬಳು ಚಿತ್ರದ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡಳು. ನೀವು ಮೂಲೆಯಲ್ಲಿ ನಾಲ್ಕು ಜನರಿಗೆ ವಿವರಿಸುತ್ತಿದ್ದಿರಿ. ಹಗಲೂ ರಾತ್ರಿ ಅವ್ವನ ಆರೈಕೆ ಮಾಡುತ್ತ ಮಾಡುತ್ತ ಮಲಮೂತ್ರವೂ ನನಗೆ ಪವಿತ್ರವಾಯಿತು, ಆಗ ಈ ಚಿತ್ರಗಳು ಹುಟ್ಟಿದವು ಎಂದು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಒಬ್ಬಾಕೆ ಕಣ್ಣೊರೆಸಿಕೊಂಡರು. ನೀವು ಅವರ ಭುಜ ತಟ್ಟಿದಿರಿ. ಹೊಲಸಿನಲ್ಲಿ ಹುಳ ಇರುತ್ತದೆಂದು ಗೊತ್ತಿತ್ತು. ಅದು ಮಾತಾಡುತ್ತದೆ ಎಂದು ಗೊತ್ತಿರಲಿಲ್ಲ.

ಆಗ ನನ್ನ ಹುಡುಗಿಯರನ್ನು ನೋಡಿದೆ. ಒಬ್ಬರೂ ಆ ಚಿತ್ರ ನೋಡುತ್ತಿರಲಿಲ್ಲ. ಯಾರೂ ಹೇಳದೆಯೇ ಇಪ್ಪತ್ತೆರಡೂ ಮಕ್ಕಳು ನೆಲ ನೋಡುತ್ತ ನಿಂತಿದ್ದರು. ಸಬಾ ನನ್ನ ಸೆರಗು ಜಗ್ಗಿ, “ಟೀಚರ್, ಅಜ್ಜಿಗಿ ಏನರ ಹೊಚ್ಚರೀ” ಎಂದಳು.

ಅದಾದ ಮೇಲೆ ನಾನು ಏನೂ ವಿಚಾರ ಮಾಡಲಿಲ್ಲ. ಹೋಗಿ ಚೌಕಟ್ಟಿನ ಒಂದು ತುದಿ ಹಿಡಿದೆ. ಭಾರವಿತ್ತು. ಫರ್ಹೀನ್ ಒಂದು ಮಾತೂ ಕೇಳದೆ ಇನ್ನೊಂದು ತುದಿಗೆ ಬಂದಳು. ಇಬ್ಬರೂ ಸೇರಿ ಕೊಕ್ಕೆಯಿಂದ ಇಳಿಸಿ, ಗೋಡೆಗೆ ಮುಖಮಾಡಿ ನಿಲ್ಲಿಸಿದೆವು. ಸಮೋಸಾದವರು ಹಿಂದೆ ಸರಿದರು. ಆಗ ನೀವು ಬಂದಿರಿ.

“ಮಲ್ಲಿಕಾ, ಏನ್ ಮಾಡಾಕತ್ತೀದಿ? ಇದು ಕಲಾಕೃತಿ ಅದ!”

“ಅಲ್ರೀ, ಇದು ನಿಮ್ಮ ಅವ್ವ.”

ನೀವು ದನಿ ತಗ್ಗಿಸಿದಿರಿ. “ಸುಮ್ಮಕಿರು. ಮಂದಿ ನೋಡಾಕತ್ತಾರ.”

“ಅವ್ವನ್ನೂ ನೋಡಾಕತ್ತಾರ್ರೀ!” ಎಂದು ನಾನು ಕೂಗಿದ್ದು ನಿಜ. ಪೇಪರಿನವರು ಗದ್ದಲ ಎಂದು ಬರೆದದ್ದು ಇದನ್ನೇ. ಇಷ್ಟು ವರ್ಷದಲ್ಲಿ ನಿಮ್ಮ ಮುಂದೆ ದನಿ ಎತ್ತಿದ್ದು ಅದೇ ಮೊದಲು. ನೀವು ಹುಡುಗಿಯರ ಕಡೆ ನೋಡಿ, ಸಣ್ಣ ಊರಿನ ಮಕ್ಕಳನ್ನು ಇಂಥ ಕಡೆ ಕರೆತರಬಾರದು ಎಂದಿರಿ. ಹೌದು, ತರಬಾರದಿತ್ತು.

ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಮರುದಿನ ಸಬಾಳ ತಾಯಿ ಆಸ್ಮಾ ಶಾಲೆಗೆ ಬಂದರು. ದೂರು ತಂದಿದ್ದಾರೆ ಎಂದು ಹೆದರಿದೆ. ಆಕೆ ನನ್ನ ಎರಡೂ ಕೈ ಹಿಡಿದು, “ನಮ್ಮ ಮನ್ಯಾಗ ರಾತ್ರಿ ಯಾರೂ ಉಣಲಿಲ್ರೀ ಟೀಚರ್. ಆ ಅಜ್ಜಿ ಕೈಯಾಗಿನ ನೀರು ಕುಡಿದೀನಿ ನಾನೂ” ಎಂದರು. ಅಷ್ಟೇ ಹೇಳಿ ಹೋದರು. ನಾಗಣ್ಣ ಸರ್ ಮಾತ್ರ ನನ್ನಿಂದ ಲಿಖಿತ ವಿವರಣೆ ಕೇಳಿದ್ದಾರೆ. ಕಾಲೇಜಿನಿಂದ ಫೋನು ಬಂದಿತ್ತಂತೆ. ಕೊಡುತ್ತೇನೆ. ಮುಚ್ಚಿಡುವುದಕ್ಕೆ ನನ್ನ ಹತ್ತಿರ ಏನಿದೆ?

ಚಿತ್ರ ಮತ್ತೆ ಕೊಕ್ಕೆಗೆ ಏರಿದೆ, ಯಾರೂ ಹತ್ತಿರ ಹೋಗದಂತೆ ಮುಂದೆ ಕೆಂಪು ಹಗ್ಗ ಕಟ್ಟಿದ್ದಾರೆ, ಪೇಪರು ನೋಡಿ ಜನ ಎರಡುಪಟ್ಟು ಬರುತ್ತಿದ್ದಾರೆ ಎಂದು ಫರ್ಹೀನ್ ತಂಗಿ ಹೇಳಿದಳು. ಅವಳು ಅದೇ ಕಾಲೇಜಿನಲ್ಲಿ ಓದುತ್ತಾಳೆ. ನನ್ನ ಕೂಗನ್ನೂ ನೀವು ಜಾಹೀರಾತು ಮಾಡಿಕೊಂಡಿರಿ. ಇವತ್ತು ಬೆಳಿಗ್ಗೆ ನಿಮ್ಮ ಮೆಸೇಜು ಬಂತು. ಆದದ್ದು ಆಯಿತು, ಪ್ರದರ್ಶನ ಮುಂದಿನ ತಿಂಗಳು ಧಾರವಾಡಕ್ಕೆ ಹೋಗುತ್ತದೆ, ಅವ್ವನ ಮದುವೆಯ ಕಾಲದ ಫೋಟೋ ನಿನ್ನ ಹತ್ತಿರ ಇವೆ, ಕೊರಿಯರ್ ಮಾಡು ಎಂದು. ಮೂರು ಸಲ ಓದಿದೆ. ಹೇಗಿದ್ದೀ ಎಂಬ ಶಬ್ದ ಎಲ್ಲಾದರೂ ಇದೆಯೋ ಎಂದು ಹುಡುಕಿದೆ.

ಫೋಟೋ ಕಳಿಸುವುದಿಲ್ಲ. ಅವಿರುವ ಟ್ರಂಕನ್ನು ಅವ್ವನ ತಮ್ಮನ ಮನೆಗೆ ಸಾಗಿಸಿದ್ದೇನೆ, ನಡೆದದ್ದನ್ನೆಲ್ಲ ಹೇಳಿದ್ದೇನೆ. ಎಪ್ಪತ್ತೆಂಟು ವರ್ಷದ ಮುದುಕ, ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ಅವರೂ ನಾನೂ ಧಾರವಾಡಕ್ಕೆ ಬರುತ್ತೇವೆ. ನೀವು ಎಲ್ಲೆಲ್ಲಿ ತೂಗುಹಾಕುತ್ತೀರೋ ಅಲ್ಲೆಲ್ಲ ಬರುತ್ತೇನೆ. ರಜೆ ಸಿಗದಿದ್ದರೆ ಸಂಬಳ ಕಡಿತ ಮಾಡಿಸಿಕೊಂಡು ಬರುತ್ತೇನೆ. ಯಾರು ಎಂದು ಕೇಳಿದರೆ ಗೊತ್ತಿಲ್ಲ ಎನ್ನಲು ನಿಮಗೆ ಆಸ್ಪದ ಇರಬಾರದೆಂದು, ಬಾಗಿಲಲ್ಲೇ ನನ್ನ ಹೆಸರು, ಸಂಬಂಧ ಎರಡೂ ಹೇಳಿ ಒಳಗೆ ಕಾಲಿಡುತ್ತೇನೆ. ಹದಿನಾಲ್ಕನೆಯದನ್ನು ನೀವಾಗಿ ತೆಗೆದರೆ ನನ್ನ ದಾರಿ ಖರ್ಚು ಉಳಿಯುತ್ತದೆ.

ನಮ್ಮಿಬ್ಬರ ವಿಷಯ ಬರೆಯಲು ಏನೂ ಉಳಿದಿಲ್ಲ. ಈ ಮನೆಗೆ ಇನ್ನು ಬರಬೇಡಿ.

ಶಾರದಾಬಾಯಿಯವರ ಸೊಸೆ,
ಮಲ್ಲಿಕಾ

ತಾ.ಕ.: ಇದನ್ನು ಬರೆಯಬಾರದೆಂದೇ ಸಹಿ ಹಾಕಿದ್ದೆ. ಆದರೆ ನಿಮ್ಮ ಸುಳ್ಳಿಗೆ ಇಷ್ಟು ಹೇಸುವವಳು ನನ್ನದೊಂದನ್ನು ಒಳಗಿಟ್ಟುಕೊಂಡರೆ ಹೇಗೆ? ಆ ಜೂನ್ ಭಾನುವಾರ ನೀವು ಬಸ್ಸು ಹತ್ತಿದ ಮೇಲೆ ನಾನು ಹಾಸಿಗೆ ಬದಲಿಸುತ್ತ ನಿಮ್ಮನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ತಿಂಗಳುಗಟ್ಟಲೆ ಮಾತಾಡದಿದ್ದ ಅವ್ವ ನನ್ನ ಮುಂಗೈ ಹಿಡಿದರು. “ಬೈಬ್ಯಾಡ. ಆ ಡಬ್ಬಿಗಿ ಏನರ ಸಿಕ್ರ ಬರ್ತಾನ. ಇಲ್ಲಾಂದ್ರ ಬರಂಗಿಲ್ಲ.” ಇಷ್ಟನ್ನೂ ಸ್ಪಷ್ಟವಾಗಿ ಹೇಳಿದರು. ಮುಂದಿನ ಶನಿವಾರ ನಾನು ನಿಮಗೆ ಫೋನು ಮಾಡಿ, ನಾಳೆ ಬರ್ರಿ, ಕ್ಯಾಮೆರಾ ಮರೀಬ್ಯಾಡ್ರಿ ಎಂದದ್ದು ಅದಕ್ಕೆ. ಆಮೇಲೆ ಡಿಸೆಂಬರಿನವರೆಗೂ ಅದೇ ಆಸೆ ತೋರಿಸಿ ಕರೆಸಿದೆ. ನೀವು ಬರುವ ಹೊತ್ತಿಗೆ ತಲೆ ಬಾಚಿ, ಸೆರಗು ಹೊಚ್ಚಿ, ದಿಂಬಿಗೆ ಆನಿಸಿ ಕೂರಿಸುತ್ತಿದ್ದೆ. ನೀವು ಸೆರಗು ಸರಿಸಿದಾಗ ನಾನು ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆ, ನೋಡದ ಹಾಗೆ. ನಿಮ್ಮ ಅವ್ವ ಏನು ಕೊಟ್ಟು ನಿಮ್ಮನ್ನು ಕರೆಸಿಕೊಂಡರು ಎಂಬುದು ನಿಮಗೂ ಗೊತ್ತಿರಲಿ. ದಯವಿಟ್ಟು ಇದೊಂದನ್ನು ಚೀಟಿಯಲ್ಲಿ ಬರೆದು ಯಾವ ಗೋಡೆಗೂ ಅಂಟಿಸಬೇಡಿ.